ಗಾಡಿ ಜಾಡಿನಲ್ಲಿ ಆರು ದಿನ

ಅಮೆರಿಕದ ಒರೆಗಾನ್ ಟ್ರೈಲ್, ಅಂದರೆ ಹಿಂದೆ ವಲಸಿಗರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ಜಾಡನ್ನು ಪೂರ್ತಿ ನೋಡಬೇಕು ಅಂತ ಮೊದಲ ಸಲ ಹೊರಟಾಗ ಒಂಬತ್ತು ದಿನ ರಜೆ ಇತ್ತು. ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಒರೆಗಾನ್ ಸಿಟಿಗೆ ಸುಮಾರು 3,500 ಕಿಲೋಮೀಟರ್. ತಲುಪಿದೆವು ನಿಜ, ಆದರೆ ಮನಸ್ಸಿನಲ್ಲಿ ಉಳಿದದ್ದು ಹೆದ್ದಾರಿ ಮಾತ್ರ. ಅದಕ್ಕೇ ಎರಡನೇ ಸಲ ನಾನೂ ನನ್ನ ಹೆಂಡತಿಯೂ ನೆಬ್ರಾಸ್ಕಾದ ಒಗಲ್ಲಾಲಾದಿಂದ ವಯೋಮಿಂಗ್‌ನ ಸೌತ್ ಪಾಸ್‌ವರೆಗಷ್ಟೇ ಹೋದೆವು. ಜೂನ್ ತಿಂಗಳು, ಆರು ದಿನ.

ಒಂದು ನಿಯಮ ಇಟ್ಟುಕೊಂಡಿದ್ದೆವು. ಜಾಡು ಕಂಡಲ್ಲೆಲ್ಲ ಕಾರು ನಿಲ್ಲಿಸಿ ನಡೆಯಬೇಕು. 1840ರ ದಶಕದಲ್ಲಿ ಹೊರಟವರೂ ಹೆಚ್ಚಿನವರು ನಡೆದೇ ಹೋದರು. ಗಾಡಿಯಲ್ಲಿ ಹಿಟ್ಟು, ಬೇಕನ್, ಹಾಸಿಗೆ ತುಂಬಿರುತ್ತಿತ್ತು. ಎತ್ತುಗಳ ನಡಿಗೆಗೆ ದಿನಕ್ಕೆ ಸುಮಾರು 24 ಕಿಲೋಮೀಟರ್ ದಾರಿ ಸಾಗುತ್ತಿತ್ತು. ನಮಗದು ಕಾಲು ಗಂಟೆಯ ಡ್ರೈವ್.

26ನೇ ಹೆದ್ದಾರಿ ನಾರ್ತ್ ಪ್ಲಾಟ್ ನದಿಯ ಜೊತೆಜೊತೆಗೇ ಸಾಗುತ್ತದೆ. ಮೊದಲು ವಿಂಡ್‌ಲಾಸ್ ಹಿಲ್ ಹತ್ತಿದೆವು. ಈ ಇಳಿಜಾರಿನಲ್ಲಿ ಚಕ್ರಗಳನ್ನು ಕಟ್ಟಿ, ಹಿಂದಿನಿಂದ ಹಗ್ಗ ಹಿಡಿದು ಗಾಡಿ ಇಳಿಸುತ್ತಿದ್ದರು. ಆ ಗುರುತಿನಲ್ಲಿ ಮಳೆನೀರು ಹರಿದು ಈಗ ಕೊರಕಲು ಬಿದ್ದಿದೆ.

ಸ್ಕಾಟ್ಸ್‌ಬ್ಲಫ್ ಹತ್ತಿರ ರೆಬೆಕಾ ವಿಂಟರ್ಸ್ ಸಮಾಧಿ ಇದೆ. ಯೂಟಾಕ್ಕೆ ಹೊರಟಿದ್ದ ಆಕೆ 1852ರಲ್ಲಿ ಕಾಲರಾದಿಂದ ತೀರಿಕೊಂಡರು. ಗಾಡಿ ಚಕ್ರದ ಕಬ್ಬಿಣದ ಹಳಿಯನ್ನು ನೆಲದಲ್ಲಿ ನೆಟ್ಟು, ಅದರ ಮೇಲೆ ಹೆಸರು ಕೊರೆದಿದ್ದಾರೆ. ವಯಸ್ಸು 50. ಆ ಹಳಿ ನೋಡಿದಾಗ ನಮ್ಮೂರಿನ ಅಜ್ಜನ ಗಾಡಿ ನೆನಪಾಯಿತು. ಬೇಸಿಗೆಯಲ್ಲಿ ಮರ ಒಣಗಿ ಹಳಿ ಸಡಿಲವಾದರೆ ಅಜ್ಜ ಚಕ್ರವನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದರು. ಇಲ್ಲಿನವರು ನದಿಯಲ್ಲಿ ನೆನೆಹಾಕುತ್ತಿದ್ದರು. ಆ ಸಮಾಧಿಯ ಹತ್ತಿರ ತುಂಬಾ ಹೊತ್ತು ಕೂತಿದ್ದೆವು.

ವಯೋಮಿಂಗ್‌ನ ಗರ್ನ್ಸಿಗೆ ಮಾತ್ರ ಬೆಳಿಗ್ಗೆಯೇ ಹೋಗಿ. ಬಯಲಿನಲ್ಲಿ ಗಾಡಿಗಳು ಅಗಲಕ್ಕೆ ಹರಡಿಕೊಂಡು ಹೋಗುತ್ತಿದ್ದವು, ಹಾಗಾಗಿ ಗುರುತು ಕಡಿಮೆ. ಇಲ್ಲಿ ನದಿ ದಡದಲ್ಲಿ ಜಾಗ ಸಾಲದೆ ಎಲ್ಲವೂ ಒಂದೇ ಮರಳುಗಲ್ಲಿನ ದಿಬ್ಬ ಹತ್ತಬೇಕಿತ್ತು. ಕಲ್ಲು ಸವೆದು ಒಂದೂವರೆ ಮೀಟರ್ ಆಳದ ಜಾಡಾಗಿದೆ. ಅದರೊಳಗೆ ನಿಂತರೆ ಗೋಡೆ ನನ್ನ ಎದೆವರೆಗೆ ಬಂತು. ಓರೆ ಬಿಸಿಲಲ್ಲಿ ಗೀರುಗಳು ಚೆನ್ನಾಗಿ ಕಾಣುತ್ತವೆ.

ಫೋರ್ಟ್ ಲಾರಮಿಯಲ್ಲಿ ಅರ್ಧ ದಿನ ಇಡಿ. ಈ ಬಯಲು ಖಾಲಿ ಇರಲಿಲ್ಲ, ಲಕೋಟಾ, ಶೆಯೆನ್ ಮೂಲನಿವಾಸಿಗಳ ನೆಲ. 1851ರಲ್ಲಿ ಅಮೆರಿಕ ಸರ್ಕಾರಕ್ಕೂ ಅವರಿಗೂ ಈ ಕೋಟೆಯ ಹೆಸರಿನ ಒಪ್ಪಂದ ಆಯಿತು, ಆಮೇಲೆ ಮುರಿದುಬಿತ್ತು. ಅದನ್ನು ತಿಳಿಯದೆ ಸುಮ್ನೆ ಜಾಡು ನೋಡಿ ಬಂದರೆ ಅರ್ಧ ಕಥೆ ಅಷ್ಟೇ, ಅಲ್ವಾ?

ಕ್ಯಾಸ್ಪರ್ ದಾಟಿದ ಮೇಲೆ ಫೋನ್ ಸಿಗ್ನಲ್ ಕೈಕೊಟ್ಟಿತು. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ನೀರು ಜಾಸ್ತಿ ಇರಲಿ. ಸೌತ್ ಪಾಸ್ ಹತ್ತಿರ ಮಳೆ ಬಿದ್ದ ಮಣ್ಣು ರಸ್ತೆಗೆ ಇಳಿದು ನಮ್ಮ ಕಾರು ಹೂತುಕೊಂಡಿತು. ಹೊರಬರಲು ಎರಡು ಗಂಟೆ ಬೇಕಾಯಿತು. ಮಳೆಯಾದರೆ ಟಾರು ರಸ್ತೆ ಬಿಡಬೇಡಿ.

ಸೌತ್ ಪಾಸ್ 7,412 ಅಡಿ ಎತ್ತರದಲ್ಲಿದೆ, ಆದರೆ ಬೆಟ್ಟಗಳ ನಡುವೆ ದಾಟುವ ಕಣಿವೆದಾರಿಯಂತೆ ಕಾಣುವುದೇ ಇಲ್ಲ. ಅಗಲವಾದ ಬಯಲು. ಗಾಡಿಗಳು ರಾಕಿ ಪರ್ವತ ದಾಟಲು ಸಾಧ್ಯವಾದದ್ದೇ ಅದರಿಂದ. ಸ್ವಲ್ಪ ಮುಂದೆ ಪೆಸಿಫಿಕ್ ಸ್ಪ್ರಿಂಗ್ಸ್ ಎಂಬ ಒರತೆಗಳು. ಅಲ್ಲಿಂದ ನೀರು ಪಶ್ಚಿಮಕ್ಕೆ ಹರಿಯುತ್ತದೆ. ಮುಂದಿನ ಜೂನ್‌ನಲ್ಲಿ ಅಲ್ಲಿಂದಲೇ ಶುರು ಮಾಡಿ, ಐಡಹೋದ ತ್ರೀ ಐಲ್ಯಾಂಡ್ ಕ್ರಾಸಿಂಗ್‌ವರೆಗೆ ಹೋಗುತ್ತೇವೆ.