ರಸ್ತೆ ಕಟ್ಟುವ ಮೊದಲು ಹೊಗೆಯ ಲೆಕ್ಕ

ನಮ್ಮ 20 ವರ್ಷದ ಸಾರಿಗೆ ಯೋಜನೆ ಮೊದಲ ಸಲ ಲೆಕ್ಕ ಹಾಕಿದಾಗ ಪಾಸಾಗಲಿಲ್ಲ. ದುಡ್ಡು ಸಾಲದೆ ಅಲ್ಲ, ಹೊಗೆ ಜಾಸ್ತಿಯಾಗಿ.

ಅಮೆರಿಕದ ಒಂದು ಪ್ರಾದೇಶಿಕ ಯೋಜನಾ ಕಚೇರಿಯಲ್ಲಿ ಟ್ರಾಫಿಕ್ ಮಾಡೆಲ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮದು ಉಸಿರಾಡುವ ಗಾಳಿಯಲ್ಲಿ ಓಝೋನ್ ಎಂಬ ಮಾಲಿನ್ಯ ಮಿತಿ ಮೀರಿದ ಪ್ರದೇಶ. ಇಂಥ ಕಡೆ ವಾಹನಗಳಿಂದ ದಿನಕ್ಕೆ ಇಷ್ಟೇ ಟನ್ ಎಂದು ರಾಜ್ಯದ ವಾಯು ಯೋಜನೆಯಲ್ಲಿ ಒಂದು 'ಬಜೆಟ್' ಇರುತ್ತದೆ. ನಾವು ಪಟ್ಟಿ ಮಾಡಿದ ರಸ್ತೆಗಳೆಲ್ಲ ಆದ ಮೇಲೂ ಹೊಗೆ ಅದರೊಳಗೇ ಇರಬೇಕು. ಇದೇ ಕನ್ಫಾರ್ಮಿಟಿ. ಕ್ಲೀನ್ ಏರ್ ಆಕ್ಟ್ ಎಂಬ ಕೇಂದ್ರ ಕಾನೂನಿನ 1990ರ ತಿದ್ದುಪಡಿ ಇದಕ್ಕೆ ಬಲ ಕೊಟ್ಟಿತು. ಕನಿಷ್ಠ 4 ವರ್ಷಕ್ಕೊಮ್ಮೆ ಇದನ್ನು ತೋರಿಸದಿದ್ದರೆ ಹೊಸ ಲೇನ್‌ಗಳಿಗೆ ಕೇಂದ್ರದ ಹಣ ನಿಲ್ಲುತ್ತದೆ. 1998ರಲ್ಲಿ ಅಟ್ಲಾಂಟಾ ನಗರಕ್ಕೆ ಹೀಗೇ ಆಯಿತು, ಮರುವರ್ಷ ಅದಿರುವ ಜಾರ್ಜಿಯಾ ರಾಜ್ಯ ಇದಕ್ಕಾಗಿ ಹೊಸ ಸಾರಿಗೆ ಪ್ರಾಧಿಕಾರವನ್ನೇ ಕಟ್ಟಬೇಕಾಯಿತು.

ನಾನು ಮೊದಲು ಹುಡುಕಿದ್ದು ತಪ್ಪು ಎಲ್ಲಿದೆ ಅಂತ. ನಮ್ಮ ಮಾಡೆಲ್ ಪ್ರತಿ ರಸ್ತೆ ತುಂಡಿಗೂ ವಾಹನ ಎಷ್ಟು, ವೇಗ ಎಷ್ಟು ಎಂದು ಹೇಳುತ್ತದೆ. ಅದನ್ನು ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಮೂವ್ಸ್ ಎಂಬ ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ವೇಗವನ್ನು 16 ಗುಂಪು ಮಾಡಿ ಹೊಗೆ ಲೆಕ್ಕ ಹಾಕುತ್ತದೆ. ಹೆದ್ದಾರಿ ಪಕ್ಕದ ಒಂದು ತುಂಡು ತೆರೆದು ನೋಡಿದೆ. ಸಂಜೆ 5ಕ್ಕೆ ಗಂಟೆಗೆ 11 ಮೈಲಿ, ಲಾರಿಗಳೇ ಲಾರಿಗಳು. ಆ ದಾರೀಲಿ ನಾನೂ ಹೋಗ್ತೀನಿ, ವೇಗ ಸರಿಯಾಗೇ ಇತ್ತು. ತಪ್ಪಿದ್ದದ್ದು ವಾಹನಗಳ ವಯಸ್ಸಿನಲ್ಲಿ. ನಮಗೆ ಬಂದಿದ್ದ ನೋಂದಣಿ ಪಟ್ಟಿ ಹಳೆಯದು, ಗುಜರಿಗೆ ಹೋದ ಎಷ್ಟೋ ಲಾರಿಗಳು ಅದರಲ್ಲಿ ಇನ್ನೂ ಓಡ್ತಾ ಇದ್ದವು. ಲಭ್ಯವಿರುವ ಹೊಸ ಮಾಹಿತಿಯನ್ನೇ ಬಳಸಬೇಕು ಅಂತ ನಿಯಮವೇ ಇದೆ, ಅಲ್ವಾ? ಹೊಸ ಪಟ್ಟಿ ತರಿಸಿ ಹಾಕಿದೆ.

ಓಝೋನ್ ಆಗಲು ಕಾರಣವಾಗುವ ನೈಟ್ರೋಜನ್ ಆಕ್ಸೈಡ್ ಇಳಿಯಿತು, ಆದರೂ ಬಜೆಟ್‌ಗಿಂತ ಸ್ವಲ್ಪ ಮೇಲೇ ಉಳಿಯಿತು. ಆಗ ಶುರುವಾಯಿತು ಕಷ್ಟದ ಕೆಲಸ. ಒಂದು ಹೆದ್ದಾರಿ ಅಗಲೀಕರಣವನ್ನು ಪಟ್ಟಿಯಿಂದ ತೆಗೆದು ಮಾಡೆಲ್ ಮತ್ತೆ ಓಡಿಸಿದರೆ ಜನ ಓಡಿಸುವ ಒಟ್ಟು ಮೈಲಿ ಕಡಿಮೆಯಾಗುತ್ತಿತ್ತು, ಏಕೆಂದರೆ ರಸ್ತೆ ಅಗಲವಾದಷ್ಟೂ ದೂರದಿಂದ ಕಾರಲ್ಲಿ ಬರುವವರು ಹೆಚ್ಚು. ಊರಿನ ಪ್ರತಿನಿಧಿಗಳು ಒಪ್ಪಲಿಲ್ಲ. ವಾಯು ವಿಭಾಗದವರು, ಹೆದ್ದಾರಿಯವರು, ನಾವು ಮೂರು ಸಭೆ ಕೂತೆವು. ಕೊನೆಗೆ ಅಗಲೀಕರಣವನ್ನು ಮುಂದಕ್ಕೆ ಹಾಕಿ ಬಸ್ ಯೋಜನೆಯನ್ನು ಮೊದಲಿಗೆ ತಂದೆವು. ಪಾಸಾಯಿತು.

ಒಂದು ಮಾತು ಹೇಳಲೇಬೇಕು. ಹೊಗೆ ಇಳಿಯಲು ದೊಡ್ಡ ಕಾರಣ ಹೊಸ ಎಂಜಿನ್‌ಗಳು, ನಮ್ಮ ಯೋಜನೆ ಅಲ್ಲ. ಹಾಗಾಗಿ ಪಾಸಾಯಿತು ಎಂದರೆ ಯೋಜನೆ ಒಳ್ಳೆಯದು ಅಂತಲ್ಲ. ಈಗ ನಾನು ಪಟ್ಟಿ ಕರಡಾಗಿರುವಾಗಲೇ ಒಂದು ಸಲ ಮೂವ್ಸ್ ಓಡಿಸುತ್ತೇನೆ. ಆಗ ರಸ್ತೆ ಬದಲಿಸೋದು ಸುಲಭ, ಯಾರೂ ಅದರ ಹೆಸರಲ್ಲಿ ಇನ್ನೂ ಮಾತು ಕೊಟ್ಟಿರುವುದಿಲ್ಲ.