ಮಾವನ ಅಂಗಿ, ಬಚ್ಚಲ ಒಲೆ, ಒಂದು ಚೊಂಬು ಚೊಗರು

ಆರಿದ್ರಾ ಮಳೆಯಲ್ಲಿ ಒಗೆದು ಹಾಕಿದ ಜೀನ್ಸ್ ಪ್ಯಾಂಟು ಪುಷ್ಯ ಮಳೆ ಹಿಡಿಯುವ ಹೊತ್ತಿಗೂ ಒಣಗಿರಲಿಲ್ಲ ಅಂದರೆ ಬಯಲುಸೀಮೆಯವರು ನಂಬುವುದಿಲ್ಲ. ಸ್ವಲ್ಪ ಜಾಸ್ತಿ ಹೇಳಿದೆ ಅಂತಲೇ ಇಟ್ಟುಕೊಳ್ಳಿ, ಎಂಟು ದಿನ ಅಂತೂ ನಿಜ. ಸೊಂಟದ ಪಟ್ಟಿ, ಜೇಬಿನ ಒಳಗು ಎರಡೂ ಮುಟ್ಟಿದರೆ ತಣ್ಣಗೆ. ಕೊನೆಗೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರ ಗಳಕ್ಕೆ ನೇತುಹಾಕಿ, ಒಣಗಿಸಿ, ತೊಟ್ಟುಕೊಂಡು ಕೆಲಸಕ್ಕೆ ಹೊರಟೆ. ಸಾಗರದ ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಎರಡು ಸಲ ಮೂಗು ಎಳೆದು, "ಎಲ್ಲೋ ಹೊಗೆ ವಾಸನೆ ಬರ್ತಿದೆ ಅಲ್ವಾ?" ಅಂದರು. ನಾನೂ "ಹೌದು, ಎಲ್ಲಿಂದಲೋ ಏನೋ" ಅಂದೆ.

ನನ್ನ ತವರು ದಾವಣಗೆರೆ. ಮದುವೆಯಾಗಿ ಮಲೆನಾಡಿಗೆ, ಸಾಗರದ ಹತ್ತಿರ ಹೆಗ್ಗೋಡಿನ ಕಡೆ ಬಂದು ಆರು ವರ್ಷ ಆಯಿತು. ಅಲ್ಲಿ ಬಟ್ಟೆ ಚಂದ ಕಂಡರೆ ಸಾಕಿತ್ತು. ಇಲ್ಲಿ ಮೊದಲು ಒಣಗಬೇಕು, ಆಮೇಲೆ ಕೆಮ್ಮಣ್ಣು ಸಿಡಿದರೂ ಎದ್ದು ಕಾಣಬಾರದು, ಅದಾದ ಮೇಲೆ ಚಂದ. ಪಾದ ಮುಚ್ಚುವ ಪಲಾಜೊ ನಾಲ್ಕು ತಂದಿದ್ದೆ. ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ತೋಟದ ದಾರಿಯಲ್ಲಿ ಹತ್ತು ನಿಮಿಷ ನಡೆಯಬೇಕು. ಅಷ್ಟರಲ್ಲಿ ಕೆಳಗಿನ ಒಂದು ಗೇಣು ಕೆಸರು ಕುಡಿದು ಭಾರವಾಗುತ್ತಿತ್ತು. ಅದರ ಜೊತೆ ಇಂಬಳ, ಅಂದರೆ ಜಿಗಣೆ. ಅಗಲ ಪ್ಯಾಂಟಿನೊಳಗೆ ಇಂಬಳ ಹತ್ತಿದರೆ ಗೊತ್ತೇ ಆಗುವುದಿಲ್ಲ, ಕಚೇರಿಗೆ ಹೋಗಿ ಕೂತ ಮೇಲೆ ರಕ್ತ ಕಂಡರೆ ಉಂಟು. ನಾನು ಮೊದಲು ಕತ್ತರಿ ಹಾಕಿದ್ದು ಆ ಪಲಾಜೊಗಳಿಗೇ. ಹಿಮ್ಮಡಿಯಿಂದ ನಾಲ್ಕು ಇಂಚು ಮೇಲಕ್ಕೆ ಕತ್ತರಿಸಿ, ಅಂಚು ಮಡಚಿ ಹೊಲಿದೆ. ಅದೇನು ದೊಡ್ಡ ಕೆಲಸ ಅಲ್ಲ, ಅರ್ಧ ಗಂಟೆಯದ್ದು. ಆದರೆ ಧೈರ್ಯ ಬಂತು.

ಮನೆಯಲ್ಲಿ ಅತ್ತೆಯ ಹಳೆಯ ಕಾಲ್ತುಳಿ ಹೊಲಿಗೆ ಮಿಷನ್ ಇತ್ತು. ಬೆಲ್ಟ್ ಸಡಿಲವಾಗಿತ್ತು, ಸೂಜಿ ತುಕ್ಕು ಹಿಡಿದಿತ್ತು. ಮಳೆಗಾಲದಲ್ಲಿ ಸೂಜಿಯನ್ನು ಮಿಷನ್ನಿನಲ್ಲೇ ಬಿಟ್ಟರೆ ಹಾಗೇ ಆಗುವುದು. ತುಕ್ಕಿನ ಸೂಜಿ ಬಟ್ಟೆಯ ನೂಲು ಎಳೆಯುತ್ತದೆ, ಕಂದು ಚುಕ್ಕಿಯನ್ನೂ ಬಿಡುತ್ತದೆ. ಬೆಲ್ಟ್ ಬದಲಾಯಿಸಿ, ಎಣ್ಣೆ ಬಿಟ್ಟು, ಒಂದು ದಿನ ಚಿಂದಿ ಬಟ್ಟೆ ಮೇಲೆ ಸುಮ್ನೆ ತುಳಿದೆ, ಎಣ್ಣೆ ಕಲೆ ಬೀಳುವುದು ನಿಲ್ಲುವ ತನಕ. ಈಗ ತೆಳು ಬಟ್ಟೆಗೆ 11ರ ಸೂಜಿ, ಅಂಗಿ ಬಟ್ಟೆಗೆ 14, ದಪ್ಪದ್ದಕ್ಕೆ 16 ಹಾಕುತ್ತೇನೆ. ಕೆಲಸ ಮುಗಿದ ಮೇಲೆ ತೆಗೆದು ಎಣ್ಣೆ ಸವರಿದ ಬಟ್ಟೆಗೆ ಚುಚ್ಚಿ ಡಬ್ಬಿಯಲ್ಲಿ ಇಡುತ್ತೇನೆ.

ಇನ್ನು ಮಾವನ ಅಂಗಿಗಳ ಕಥೆ. ಹದಿಮೂರು ಇದ್ದವು, ತುಂಬು ತೋಳಿನವು, ಹೆಚ್ಚಿನವು ಒಳ್ಳೆ ಹತ್ತಿಯವು. ಕಾಲರ್ ಮಡಿಕೆಯಲ್ಲಿ ಸವೆದಿದ್ದವು. ಕಫ್ ಹತ್ತಿರ, ಹೊಟ್ಟೆಯ ಹತ್ತಿರ ಅಡಿಕೆ ಕಲೆ. ಅಡಿಕೆ ಸುಲಿಯುವ ಕಾಲದಲ್ಲಿ ಇವೆಲ್ಲ ಅತ್ತೆಗೆ, ಕೆಲಸದವರಿಗೆ ಸೀರೆ ಮೇಲೆ ಹಾಕಿಕೊಳ್ಳುವ ಅಂಗಿ ಆಗುತ್ತವೆ, ಅದು ಇಲ್ಲಿ ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಅದಕ್ಕೆ ಐದಾರು ಇದ್ದರೆ ಸಾಕಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಒಮ್ಮೆ ಬಂದಾಗ ನಾಲ್ಕು ಅಂಗಿಗೆ ಒಂದು ಸಣ್ಣ ಸ್ಟೀಲ್ ಬಟ್ಟಲು ಅಂದರು. ನನಗೆ ಹೊಟ್ಟೆ ಉರಿಯಿತು. ಬೇಡ ಅಂತ ವಾಪಸ್ ಒಳಗಿಟ್ಟೆ.

ಮೊದಲ ಅಂಗಿಯನ್ನು ಹಾಳು ಮಾಡಿದೆ. ನನಗೆ ಸರಿಯಾಗಿ ಕೂರುವ ಒಂದು ಕುರ್ತಿಯನ್ನು ಅಂಗಿಯ ಮೇಲೆ ಇಟ್ಟು, ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಗೆರೆ ಮೇಲೇ ಕತ್ತರಿಸಿದೆ. ಹೊಲಿಗೆಗೆ ಬಟ್ಟೆ ಬಿಡಬೇಕು ಅನ್ನುವುದು ತಲೆಗೆ ಹೋಗಲೇ ಇಲ್ಲ. ಹಾಕಿಕೊಂಡೆ, ಕೈ ಮೇಲೆತ್ತಿದೆ, ಕಂಕುಳಲ್ಲಿ ಪರ್‍ರ್ ಅಂತ ಹರಿಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಳ್ಳೆ ಅಂಗಿಗೆ ಕತ್ರಿ ಹಾಕಿ ಎಂತ ಮಾಡಿದ್ಯೇ ಮಾರಾಯ್ತಿ?" ಅಂದರು. ಅದು ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ ಆಯಿತು.

ಆಮೇಲೆ ಕಲಿತದ್ದು ಏನೆಂದರೆ, ಕತ್ತರಿಸುವುದಕ್ಕಿಂತ ಬಿಚ್ಚುವುದೇ ಮುಖ್ಯ. ವೀಡಿಯೊಗಳಲ್ಲಿ ಕಚಕ್ ಕಚಕ್ ಅಂತ ಕತ್ತರಿಸಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ನನಗೆ ಅದು ಇಷ್ಟವಾಗುವುದಿಲ್ಲ. ತಯಾರಾದ ಅಂಗಿಯಲ್ಲಿ ಹೊಲಿಗೆಯೊಳಗೆ ಮಡಚಿದ ಬಟ್ಟೆಯೇ ಎಷ್ಟೋ ಇರುತ್ತದೆ, ಕತ್ತರಿಸಿದರೆ ಅದಷ್ಟೂ ಹೋಯಿತು, ಬಿಚ್ಚಿದರೆ ಕೈಗೆ ಸಿಗುತ್ತದೆ. ನಾನು ಮಳೆ ಸುರಿಯುವ ಸಂಜೆಗಳಲ್ಲಿ ಜಗಲಿಯಲ್ಲಿ ಕೂತು ಬಿಚ್ಚುತ್ತೇನೆ. ಮೊದಲು ಬ್ಲೇಡಿನಲ್ಲಿ ಬಿಚ್ಚುತ್ತಿದ್ದೆ, ಬೆರಳೂ ಬಟ್ಟೆಯೂ ಎರಡೂ ಕೊಯ್ದುಕೊಂಡವು. ಈಗ ರಿಪ್ಪರ್ ಇದೆ, 20 ರೂಪಾಯಿಯದ್ದು. ನಾಲ್ಕೈದು ಹೊಲಿಗೆಗೆ ಒಂದರಂತೆ ಒಂದು ಬದಿಯಿಂದ ಕತ್ತರಿಸುತ್ತಾ ಹೋಗಿ, ಇನ್ನೊಂದು ಬದಿಯ ನೂಲು ಹಿಡಿದು ಎಳೆದರೆ ಉದ್ದಕ್ಕೆ ಬಂದುಬಿಡುತ್ತದೆ. ಅದು ಹಾಗೆ ಬರುವಾಗಿನ ಖುಷಿ ಬೇರೆ.

ಕಾಲರ್ ವಿಷಯ ಹೇಳಲೇಬೇಕು. ಅಂಗಿಯ ಕಾಲರ್ ಎರಡು ತುಂಡು: ಕತ್ತಿಗೆ ನಿಲ್ಲುವ ಪಟ್ಟಿ ಒಂದು, ಅದರ ಮೇಲೆ ಮಡಚಿ ಬೀಳುವ ಎಲೆ ಇನ್ನೊಂದು. ಸವೆಯುವುದು ಮೇಲಿನದ್ದು ಮಾತ್ರ. ಪಟ್ಟಿಯ ಮೇಲಂಚಿನ ಹೊಲಿಗೆ ಬಿಚ್ಚಿ ಎಲೆಯನ್ನು ಎಳೆದು ತೆಗೆದು, ಪಟ್ಟಿಯ ಬಾಯಿಯನ್ನು ಮತ್ತೆ ಮುಚ್ಚಿ ಹೊಲಿದರೆ ಚೈನೀಸ್ ಕಾಲರ್ ಆಯಿತು! ಒಂದು ಅಂಗಿಗೆ ಮುಕ್ಕಾಲು ಗಂಟೆ. ನಾನು ಹೊಲಿದದ್ದರಲ್ಲಿ ಅಂಗಡಿಯದ್ದೇ ಅನ್ನಿಸುವಂಥದ್ದು ಇದೊಂದೇ.

ಭುಜ ಮಾತ್ರ ಕಷ್ಟ. ಮಾವನ ಭುಜ 18 ಇಂಚು, ನನ್ನದು 14. ತೋಳು ಪೂರ್ತಿ ಬಿಚ್ಚಿ, ಎರಡೂ ಕಡೆ ಎರಡೆರಡು ಇಂಚು ಒಳಗೆ ತಂದು ಹೊಸ ಕಂಕುಳು ಕತ್ತರಿಸಬೇಕು. ಹೊಲಿಗೆಗೆ ಅಂತ ಕಂಕುಳ ಕಡೆ ಅರ್ಧ ಇಂಚು, ಪಕ್ಕಕ್ಕೆ ಒಂದು ಇಂಚು ಬಟ್ಟೆ ಬಿಟ್ಟು, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುತ್ತೇನೆ. ಕೈ ಎತ್ತಿ, ಬಸ್ಸಿನ ಕಂಬಿ ಹಿಡಿದ ಹಾಗೆ ಮಾಡಿ, ಬಾವಿಯಿಂದ ನೀರು ಸೇದಿದ ಹಾಗೆ ಮಾಡಿ, ಎಲ್ಲೂ ಎಳೆಯದಿದ್ದರೆ ಮಾತ್ರ ಮಿಷನ್. ತೋಳನ್ನು ಮೊಣಕೈ ಕೆಳಗೆ ಕತ್ತರಿಸಿಬಿಡುತ್ತೇನೆ, ಸವೆದ ಕಫ್ ಹೋಗುತ್ತದೆ, ಬೇಗ ಒಣಗುತ್ತದೆ. ಗುಂಡಿ ಗಂಡಸರ ಬದಿಗೇ ಇರುತ್ತದೆ. ಇರಲಿ ಬಿಡಿ.

ಉಳಿದದ್ದು ಕಲೆ. ಅಡಿಕೆ ಕಲೆಗೆ ನಿಂಬೆಹಣ್ಣು, ಸೋಡಾ, ಬ್ಲೀಚು ಎಲ್ಲ ನೋಡಿದೆ. ಬ್ಲೀಚು ಹಾಕಿದ ಅಂಗಿ ಕಲೆಯನ್ನು ಉಳಿಸಿಕೊಂಡು ತನ್ನ ನೀಲಿ ಬಣ್ಣವನ್ನು ಕಳೆದುಕೊಂಡಿತು. ಆಗ ಹೊಳೆಯಿತು, ಹೋಗದ ಕಲೆ ಅಂದರೆ ಪಕ್ಕಾ ಬಣ್ಣ ಅಂತ ತಾನೇ? ನಮ್ಮ ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಅನ್ನುವ ಸಹಕಾರ ಸಂಘದ ಹೆಂಗಸರು 1990ರ ದಶಕದಿಂದ ಕೈಮಗ್ಗದ ಬಟ್ಟೆ ಮಾಡುತ್ತಿದ್ದಾರೆ, ಅವರ ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆ ಚೊಗರಿನದ್ದೂ ಒಂದು, ‘ದೇಸಿ’ ಅನ್ನುವ ಹೆಸರಿನ ಅಂಗಡಿಗಳಲ್ಲಿ ಆ ಬಟ್ಟೆ ಸಿಗುತ್ತದೆ. ಅಲ್ಲಿ ದುಡ್ಡು ಕೊಟ್ಟು ಕೊಳ್ಳುವ ಬಣ್ಣ ನಮ್ಮನೆಯ ಹಂಡೆಯಲ್ಲೇ ಇದೆ, ನಾನು ಅದನ್ನು ಬ್ರಷ್ ಹಾಕಿ ಉಜ್ಜುತ್ತಾ ಕೂತಿದ್ದೇನೆ.

ಗೊತ್ತಿಲ್ಲದವರಿಗೆ: ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಕಂದು ನೀರೇ ಚೊಗರು. ಒಂದರ ಮೇಲೊಂದು ಬೇಯಿಸಿದಷ್ಟೂ ಗಟ್ಟಿಯಾಗುತ್ತದೆ. ಬೆಂದ ಅಡಿಕೆಗೆ ಕೆಂಪು ಹೊಳಪು ಬರಲು ಅದನ್ನೇ ಬಳಸುವುದರಿಂದ ಮನೆಯಲ್ಲಿ ಅದಕ್ಕೆ ಬೆಲೆ ಇದೆ, ಯಾರೂ ಸುಮ್ನೆ ಚೆಲ್ಲುವುದಿಲ್ಲ. ಕೇಳಿದಾಗ ಅತ್ತೆ ಅನುಮಾನದಿಂದಲೇ ಒಂದು ಚೊಂಬು ಕೊಟ್ಟರು.

ಹೀಗೆ ಮಾಡಿದೆ. ಅಂಗಿಯನ್ನು ಬಿಸಿನೀರಲ್ಲಿ ಸೋಪು ಹಾಕಿ ಚೆನ್ನಾಗಿ ಒಗೆದೆ, ಗಂಜಿ, ಎಣ್ಣೆ ಅಂಶ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಒಂದು ಅಂಗಿ ಒಣಗಿದ್ದು ಸುಮಾರು 200 ಗ್ರಾಂ ತೂಗುತ್ತದೆ, ಅದಕ್ಕೆ 30 ಗ್ರಾಂ ಪಟಿಕ, ಅದೇ ಕ್ಷೌರದ ಅಂಗಡಿಯವರು ಗಡ್ಡ ಬೋಳಿಸಿದ ಮೇಲೆ ಉಜ್ಜುವ ಕಲ್ಲು, ಪುಡಿ ಮಾಡಿ ಬಿಸಿನೀರಲ್ಲಿ ಕರಗಿಸಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಚೊಗರನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿ, ನೀರು ಸೇರಿಸಿ, ಅಂಗಿ ಮುಳುಗುವಷ್ಟು ಮಾಡಿ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟೆ. ಕೋಲಿನಲ್ಲಿ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮಡಿಕೆ ಇದ್ದಲ್ಲಿ ಪಟ್ಟೆ ಬೀಳುತ್ತದೆ. ಉರಿ ಆರಿಸಿ ಅದರಲ್ಲೇ ತಣಿಯಲು ಬಿಟ್ಟು, ಮರುದಿನ ಹಿಂಡಿ ನೆರಳಿಗೆ ಹಾಕಿದೆ. ಇಟ್ಟಿಗೆಗೂ ಚಹಾಕ್ಕೂ ನಡುವಿನ ಬಣ್ಣ. ಹಳೆಯ ಕಲೆ ಹುಡುಕಿದರೆ ಸ್ವಲ್ಪ ಕಾಣುತ್ತದೆ, ಹುಡುಕುವವರು ಯಾರು?

ಎರಡು ವಿಷಯ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಒಂದು, ಬಟ್ಟೆ ಹತ್ತಿಯದ್ದಾದರೂ ಹೊಲಿದ ನೂಲು ಪಾಲಿಯೆಸ್ಟರ್. ಅದು ಚೊಗರನ್ನು ಕುಡಿಯುವುದೇ ಇಲ್ಲ. ಕಂದು ಅಂಗಿಯ ಮೇಲೆಲ್ಲ ಬಿಳಿ ಹೊಲಿಗೆಯ ಗೆರೆ ಎದ್ದು ನಿಂತಿತು. ನೋಡಿದ ಗೆಳತಿ "ಬೇಕಂತಲೇ ಹಾಕಿದ್ದಾ? ಚೆನ್ನಾಗಿದೆ" ಅಂದಳು. ಹೌದು ಅಂದೆ. ಬಟ್ಟೆ ಯಾವುದು ಅಂತ ಅನುಮಾನ ಇದ್ದರೆ ಅಂಚಿನ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಎರಡೂ ಬೆರೆತದ್ದು ಅರ್ಧಂಬರ್ಧ ಬಣ್ಣ ಹಿಡಿದು ಮಾಸಿದ ಹಾಗೆ ಕಾಣುತ್ತದೆ, ಅದಕ್ಕೆ ಚೊಗರು ದಂಡ.

ಇನ್ನೊಂದು, ಪಾತ್ರೆ. ಎರಡನೇ ಅಂಗಿಗೆ ಸ್ಟೀಲ್ ಪಾತ್ರೆ ಖಾಲಿ ಇರಲಿಲ್ಲ ಅಂತ ಕೊಟ್ಟಿಗೆಯಲ್ಲಿದ್ದ ಕಬ್ಬಿಣದ ಬಾಣಲೆ ತಂದೆ. ನೋಡನೋಡುತ್ತಲೇ ಕಂದು ಹೋಗಿ ಬೂದಿಗಪ್ಪು ಆಗಿಬಿಟ್ಟಿತು. ಮೊದಲು ಗಾಬರಿಯಾಯಿತು, ಹಿಂಡಿ ನೋಡಿದರೆ ಮೋಡದ ಬಣ್ಣ, ಎಷ್ಟು ಚೆನ್ನಾಗಿತ್ತು ಅಂದರೆ ಈಗಲೂ ನನ್ನ ಮೆಚ್ಚಿನ ಕುರ್ತಿ ಅದೇ. ಚೊಗರಿನ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಕಪ್ಪು ಬರುತ್ತದಂತೆ, ಹಳೇ ಕಾಲದ ಶಾಯಿಯೂ ಹೀಗೇ ಆಗುತ್ತಿದ್ದದ್ದು. ಗೊತ್ತಾದ ಮೇಲೆ ದುರಾಸೆ ಬಂತು. ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಎರಡು ವಾರ ನೆನೆಸಿ, ಆ ನೀರನ್ನು ಮೂರನೇ ಅಂಗಿಯ ಮೇಲೇ ನೇರ ಸುರಿದೆ. ಬಿದ್ದಲ್ಲಿ ಮಸಿ ಕಪ್ಪು. ನಾಲ್ಕು ಒಗೆತಕ್ಕೆ ಆ ಜಾಗದ ಬಟ್ಟೆ ಲಡ್ಡಾಗಿ ಹರಿಯಿತು. ಕಬ್ಬಿಣ ಜಾಸ್ತಿಯಾದರೆ ಹತ್ತಿಯನ್ನು ತಿನ್ನುತ್ತದೆ. ಈಗ ಒಂದು ಬಕೆಟ್ ನೀರಿಗೆ ಮೂರು ಚಮಚ, ಐದು ನಿಮಿಷ, ಆಮೇಲೆ ಎರಡು ಸಲ ಜಾಲಿಸುವುದು.

ಸೀರೆಗಳಿಂದಲೂ ಮೂರು ಕುರ್ತಿ ಮಾಡಿದ್ದೇನೆ. ಅಮ್ಮನ ಹತ್ತಿ ಸೀರೆಗಳು. ಸೀರೆಯ ಅಗಲ ಸುಮಾರು 45 ಇಂಚು, ನನ್ನ ಕುರ್ತಿ ಉದ್ದ 42. ಹಾಗಾಗಿ ಅಡ್ಡಲಾಗಿ ಇಟ್ಟು ಕತ್ತರಿಸಿದರೆ ಅಂಚು ತಾನಾಗಿ ಕುರ್ತಿಯ ಕೆಳಗೆ ಬರುತ್ತದೆ, ಅಲ್ಲಿ ಮಡಚಿ ಹೊಲಿಯುವ ಕೆಲಸವೂ ಇಲ್ಲ. ಕತ್ತರಿಸುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸೊಂಟಕ್ಕೆ ಸಿಕ್ಕಿಸುವ ಭಾಗ, ಹಿಮ್ಮಡಿ ತುಳಿಯುವ ಅಂಚು ಜಾಳಾಗಿರುತ್ತದೆ. ಸೆರಗಿನ ಕಡೆ ಗಟ್ಟಿ. ರೇಷ್ಮೆ ಸೀರೆಗೆ ನಾನು ಕೈ ಹಾಕಿಲ್ಲ, ಹಾಕುವುದೂ ಇಲ್ಲ, ನಮ್ಮ ಮಳೆಗಾಲದಲ್ಲಿ ರೇಷ್ಮೆ ದಿನಬಳಕೆಗೆ ಯಾರಿಗೆ ಬೇಕು.

ಗುಂಡಿ, ಎಲಾಸ್ಟಿಕ್, ನೂಲು ಬೇಕಾದಾಗ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುತ್ತೇನೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ 30 ರೂಪಾಯಿಯ ಗುಂಡಿಗೆ ಹೋಗಿ ಬಂದರೂ ಬಸ್ ಖರ್ಚಿಲ್ಲ. ಊಟದ ಖರ್ಚು ಗುಂಡಿಗಿಂತ ಜಾಸ್ತಿ ಆಗುತ್ತದೆ, ಅದು ಬೇರೆ ಮಾತು.

ಈಗ ದಿನಕ್ಕೆ ಹಾಕುವುದು ಇಷ್ಟೇ: ಹಿಮ್ಮಡಿಗಿಂತ ಮೇಲೆ ನಿಲ್ಲುವ ಗಾಢ ಬಣ್ಣದ ಪ್ಯಾಂಟು, ಮಾವನ ಅಂಗಿಯ ಕುರ್ತಿ ಮಂಡಿ ಮೇಲಕ್ಕೆ, ಚಳಿ ಇದ್ದರೆ ಅದರ ಮೇಲೆ ಗುಂಡಿ ಹಾಕದ ಇನ್ನೊಂದು ಅಂಗಿ ಜಾಕೆಟ್ಟಿನ ಹಾಗೆ, ಸೀರೆ ಉಳಿದದ್ದರ ದುಪಟ್ಟಾ. ಚೊಗರಿನ ಕಂದು ಮೇಲೆ ಕೆಮ್ಮಣ್ಣು ಸಿಡಿದರೂ ಗೊತ್ತಾಗುವುದಿಲ್ಲ. ಹೊಗೆ ವಾಸನೆ ಮಾತ್ರ ಇನ್ನೂ ಇದೆ, ಗಳವನ್ನು ಒಲೆಯಿಂದ ಸ್ವಲ್ಪ ಆಚೆ ಸರಿಸಿ ಕಟ್ಟಿದ್ದೇನೆ, ನೋಡಬೇಕು.

ಮಾವನಿಗೆ ಮೊದಲು ಬೇಜಾರಾಗಬಹುದು ಅಂದುಕೊಂಡಿದ್ದೆ. ಅವರು ಮೋಡದ ಬಣ್ಣದ ಕುರ್ತಿಯನ್ನು ತಮ್ಮ ಅಂಗಿ ಅಂತ ಗುರುತೇ ಹಿಡಿಯಲಿಲ್ಲ. ಹಿಡಿದದ್ದು ಅತ್ತೆ. ಹೋದ ಸುಗ್ಗಿಯಲ್ಲಿ ತಮ್ಮ ಸುಲಿಯುವ ಅಂಗಿ ತಂದು ಮುಂದೆ ಹಾಕಿ, "ಇದಕ್ಕೂ ಹೊಟ್ಟೆ ಹತ್ರ ಒಂದು ಜೇಬು ಹಾಕೇ, ಎಲೆಅಡಿಕೆ ಸಂಚಿ ಕೂರೋ ಹಾಗೆ" ಅಂದರು. ಕಿತ್ತಿಟ್ಟ ಕಾಲರ್ ಎಲೆಗಳು ಒಂಬತ್ತು ಇದ್ದವು. ಎರಡನ್ನು ಜೋಡಿಸಿ ಜೇಬು ಮಾಡಿಕೊಟ್ಟೆ. ಈ ವರ್ಷ ಎರಡು ಚೊಂಬು ಚೊಗರು ಬೇಕು ಅತ್ತೆ ಅಂದೆ.

"ಒಂದೂವರೆ ತಗೋ" ಅಂದರು.