ಹಳೇ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಅದರೊಳಗಿನ ಫೈಲ್‌ಗಳನ್ನು ಹೀಗೆ ಹೊರಗೆ ತೆಗೆಯಿರಿ

ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಒಂದು ಕಂಪ್ಯೂಟರ್ ಎಂಟು ವರ್ಷದಿಂದ ಹಳೇ ಪಂಚೆ ಹೊದ್ದು ಕೂತಿತ್ತು. ಒಂದು ಮಳೆಗಾಲದಲ್ಲಿ ಕರೆಂಟ್ ಏರಿಳಿತಕ್ಕೆ ಆಫ್ ಆಗಿದ್ದು, ಮತ್ತೆ ಆನ್ ಆಗಲೇ ಇಲ್ಲ. ಅಂಗಡಿಯಲ್ಲಿ ತೋರಿಸಿದ್ದಕ್ಕೆ ‘ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ’ ಅಂದರಂತೆ. ದೊಡ್ಡಪ್ಪ ಹಾಕಲಿಲ್ಲ. ಮೇಷ್ಟ್ರ ಕೆಲಸದಿಂದ ರಿಟೈರ್ ಆದ ಮೇಲೆ ಎರಡು ವರ್ಷ ಕೂತು, ಅಜ್ಜಿ ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನೆಲ್ಲ ಅವರು ಅದರಲ್ಲೇ ಟೈಪ್ ಮಾಡಿದ್ದರು. ಅಜ್ಜಿ ಈಗಿಲ್ಲ. ಪದಗಳು ಇದ್ದಿದ್ದು ಆ ಡಬ್ಬಿಯೊಳಗೆ ಮಾತ್ರ.

“ಇದ್ರೊಳಗಿಂದ ಪದಗಳನ್ನ ತೆಗೆಯೋಕೆ ಆಗುತ್ತೇನೋ?” ಅಂತ ಕೇಳಿದರು.

“ತೆಗೆಯೋಣ ದೊಡ್ಡಪ್ಪ. ಆದ್ರೆ ನೀವು ಅದನ್ನ ಮತ್ತೆ ಆನ್ ಮಾಡೋಕೆ ಹೋಗ್ಬೇಡಿ” ಅಂದೆ.

ಕಂಪ್ಯೂಟರ್ ಕೆಟ್ಟಿದೆ ಅಂದರೆ ಬಹಳ ಸಲ ಕೆಟ್ಟಿರುವುದು ಪವರ್ ಸಪ್ಲೈ, ಬೋರ್ಡ್, ರ‍್ಯಾಮ್, ಇಲ್ಲವೇ ವಿಂಡೋಸ್. ಫೈಲ್‌ಗಳು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಅದು ಚೆನ್ನಾಗಿದ್ದರೆ ಬಿಚ್ಚಿ, ಇನ್ನೊಂದು ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಥರ ಜೋಡಿಸಿ, ಬೇಕಾದ್ದನ್ನು ಕಾಪಿ ಮಾಡಿಕೊಳ್ಳಬಹುದು. ಒಂದು ಮಾತು ಮಾತ್ರ ಕೊನೆವರೆಗೂ ನೆನಪಿಡಿ: ಹಳೇ ಡಿಸ್ಕ್‌ನಿಂದ ಓದಬೇಕು, ಅದರ ಮೇಲೆ ಏನನ್ನೂ ಬರೆಯಬಾರದು. ಫಾರ್ಮ್ಯಾಟ್ ಬೇಡ, ರಿಪೇರಿ ಬೇಡ, ‘ಸ್ವಲ್ಪ ಕ್ಲೀನ್ ಮಾಡೋಣ’ ಅನ್ನುವುದೂ ಬೇಡ.

ಡಿಸ್ಕ್ ಬಿಚ್ಚುವುದು

ಕರೆಂಟ್ ವೈರ್ ಕಿತ್ತಿಟ್ಟು, ಪವರ್ ಬಟನ್ ಒಂದೆರಡು ಸಲ ಒತ್ತಿ. ಒಳಗೆ ಉಳಿದಿರುವ ಚೂರು ಕರೆಂಟ್ ಹೋಗುತ್ತದೆ. ಪಕ್ಕದ ತಗಡು ತೆಗೆದು, ಡಿಸ್ಕ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗವನ್ನು ಕೈಯಲ್ಲಿ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ತು ಡಿಸ್ಕ್‌ನ ಸರ್ಕ್ಯೂಟ್‌ಗೆ ಹರಿಯಬಾರದು, ಅದಕ್ಕೆ.

ಡಿಸ್ಕ್‌ನ ಎರಡೂ ಬದಿಯಲ್ಲಿ ಎರಡೆರಡು ಸ್ಕ್ರೂ ಇರುತ್ತವೆ. ಬಿಚ್ಚಿದ ಮೇಲೆ ಹಿಂಬದಿ ನೋಡಿ. ನೀವು ಯಾವ ಕೇಬಲ್ ಕೊಳ್ಳಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎಲ್ ಆಕಾರದ ಎರಡು ಚಪ್ಪಟೆ ಸೀಳುಗಳಿದ್ದರೆ ಅದು ಸಾಟಾ ಡಿಸ್ಕ್. 2003ರಿಂದ ಈಚೆಗೆ ಬರತೊಡಗಿದ್ದು ಇದು. ಬದಲಿಗೆ ಎರಡು ಸಾಲು ಸೂಜಿಯಂಥ ಪಿನ್‌ಗಳು, ಪಕ್ಕದಲ್ಲಿ ನಾಲ್ಕು ದಪ್ಪ ಪಿನ್‌ಗಳು ಇದ್ದರೆ ಅದು ಐಡಿಇ. ರಿಬ್ಬನ್ನಿನಂಥ ಅಗಲ ಕೇಬಲ್ ಅದಕ್ಕೆ ಸಿಕ್ಕಿಸಿರುತ್ತದೆ. ದೊಡ್ಡಪ್ಪನದು ಇದೇ, 40 ಜಿಬಿಯದು. ಐಡಿಇಯನ್ನು 40 ಪಿನ್ನಿನದು ಎನ್ನುತ್ತಾರೆ, ಎಣಿಸಿದರೆ ಮಾತ್ರ 39 ಇರುತ್ತವೆ. ನಡುವಿನ ಒಂದು ಪಿನ್ ಬೇಕೆಂದೇ ಬಿಟ್ಟಿದ್ದಾರೆ, ಕೇಬಲ್ ತಿರುಗಾಮುರುಗಾ ಕೂರಬಾರದು ಅಂತ. ಪಿನ್ ಮುರಿದಿದೆ ಎಂದು ಗಾಬರಿ ಬೀಳಬೇಡಿ. ಕೇಬಲ್ ಕೀಳುವಾಗ ಮಾತ್ರ ಎರಡೂ ತುದಿ ಹಿಡಿದು, ಅಲ್ಲಾಡಿಸುತ್ತ ನೇರವಾಗಿ ಎಳೆಯಿರಿ. ಒಂದೇ ಕಡೆ ಜಗ್ಗಿದರೆ ಪಿನ್ ಬಗ್ಗುತ್ತದೆ. ನಾನು ಒಂದು ಪಿನ್ ಬಗ್ಗಿಸಿಬಿಟ್ಟೆ. ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟೇ ಸರಿಸುತ್ತ ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕಾಲು ಗಂಟೆ ಹೋಯಿತು.

ಲ್ಯಾಪ್‌ಟಾಪ್ ಡಿಸ್ಕ್ ಚಿಕ್ಕದು, 2.5 ಇಂಚಿನದು. ಹಳೇ ಐಡಿಇ ಲ್ಯಾಪ್‌ಟಾಪ್ ಡಿಸ್ಕ್ 44 ಪಿನ್ನಿನದು, ಕರೆಂಟ್ ಕೂಡ ಅದರಲ್ಲೇ ಬರುತ್ತದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಇರುತ್ತದೆ. ಅದರಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ಅದನ್ನು ಒಳಗಿಟ್ಟು ಯುಎಸ್‌ಬಿಗೆ ಜೋಡಿಸಲು ಕೊಳ್ಳುವ ಡಬ್ಬಿ ಆ ಜಾತಿಗೆ ಹೊಂದಬೇಕು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಅನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ಅದನ್ನು ಮನೆಯಲ್ಲಿ ಬಿಚ್ಚುವ ಹಾಗಿಲ್ಲ.

ಜೋಡಿಸುವುದು

ಈಗಿನ ಬೋರ್ಡ್‌ಗಳಲ್ಲಿ ಐಡಿಇ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ಹಾಗಾಗಿ ‘ಯುಎಸ್‌ಬಿಯಿಂದ ಸಾಟಾ, ಐಡಿಇ ಕನ್ವರ್ಟರ್’ ಎಂದು ಕೇಳಿ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್ ಆದರೆ ಜೊತೆಗೆ ಬೇರೆ ಪವರ್ ಅಡಾಪ್ಟರ್ ಇರಲೇಬೇಕು. ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. ಲ್ಯಾಪ್‌ಟಾಪ್ ಡಿಸ್ಕ್‌ಗೆ ಆ 5 ವೋಲ್ಟೇ ಸಾಕು. ಇದು ಗೊತ್ತಿಲ್ಲದೆ ಸಣ್ಣ ಕೇಬಲ್ ತಂದು ದೊಡ್ಡ ಡಿಸ್ಕ್‌ಗೆ ಸಿಕ್ಕಿಸಿ, ‘ಡಿಸ್ಕ್ ಸತ್ತಿದೆ’ ಎಂದು ಕೈಬಿಟ್ಟವರನ್ನು ನೋಡಿದ್ದೇನೆ.

ಐಡಿಇ ಡಿಸ್ಕ್‌ನ ಹಿಂಬದಿಯಲ್ಲಿ ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಎಲ್ಲಿಟ್ಟರೆ ಏನು ಎಂಬ ಚಿತ್ರ ಡಿಸ್ಕ್ ಮೇಲಿನ ಚೀಟಿಯಲ್ಲೇ ಇರುತ್ತದೆ. ಅದನ್ನು ‘ಮಾಸ್ಟರ್’ ಜಾಗಕ್ಕೆ ಹಾಕಿ.

ಡಿಸ್ಕ್ ಅನ್ನು ಮರದ ಮೇಜಿನ ಮೇಲೆ, ನಾಲ್ಕು ಮಡಿಕೆ ಪೇಪರ್ ಹಾಸಿ ಮಲಗಿಸಿ. ಅಡಿಯಲ್ಲಿ ಸರ್ಕ್ಯೂಟ್ ತೆರೆದಿರುವುದರಿಂದ ಸ್ಟೀಲ್ ತಟ್ಟೆ, ಲ್ಯಾಪ್‌ಟಾಪ್ ಬೆನ್ನು ಬೇಡ. ಡೇಟಾ ಕೇಬಲ್, ಪವರ್ ಎರಡನ್ನೂ ಸಿಕ್ಕಿಸಿ, ಅಡಾಪ್ಟರ್ ಆನ್ ಮಾಡಿ, ಆಮೇಲೆ ಯುಎಸ್‌ಬಿ ಚುಚ್ಚಿ.

ಈಗ ಕಿವಿಗೊಟ್ಟು ಕೇಳಿ. ‘ಗುಂಯ್’ ಎಂದು ಸದ್ದು ಏರುತ್ತ ಹೋಗಿ ಒಂದೇ ಸಮ ನಿಂತರೆ ಡಿಸ್ಕ್ ತಿರುಗುತ್ತಿದೆ, ಬಹಳ ಮಟ್ಟಿಗೆ ಒಳ್ಳೇ ಸುದ್ದಿ. ಒಳಗಿನ ತಟ್ಟೆ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತಿರುತ್ತದೆ. ಆಗ ಡಿಸ್ಕ್ ಎತ್ತುವುದು, ತಿರುಗಿಸುವುದು ಮಾಡಬೇಡಿ. ‘ಟಕ್... ಟಕ್... ಟಕ್’ ಎಂದರೆ ಆ ಕ್ಷಣವೇ ಕರೆಂಟ್ ತೆಗೆಯಿರಿ. ಓದುವ ಮುಳ್ಳು ಜಾಗ ಸಿಗದೆ ಒದ್ದಾಡುತ್ತಿರುವ ಸದ್ದು ಅದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಗೀರಿಹೋಗುವ ಅಪಾಯ ಇದೆ. ಡಿಸ್ಕ್ ಮುಚ್ಚಳ ಬಿಚ್ಚಬೇಡಿ. ಆ ಮುಳ್ಳು ತಟ್ಟೆಯ ಮೇಲೆ ತೇಲುವ ಎತ್ತರ ಕೆಲವೇ ನ್ಯಾನೋಮೀಟರ್, ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಹೊರಗೆ ತೆಗೆದಾಗ ಒಳಗೆಲ್ಲ ನೀರು ಬೆವರುತ್ತದೆ, ಅಷ್ಟೇ. ಅಂಥ ಡಿಸ್ಕ್ ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬ್‌ಗೆ ಹೋಗಬೇಕು. ಖರ್ಚು ಜಾಸ್ತಿ. ಆದರೆ ಒಳಗಿರುವುದು ಮತ್ತೆ ಸಿಗದ ವಸ್ತುವಾದರೆ ಅದೇ ದಾರಿ.

ವಿಂಡೋಸ್ ಕೇಳುವ ಪ್ರಶ್ನೆಗಳು

ಡಿಸ್ಕ್ ಸಿಕ್ಕ ತಕ್ಷಣ ವಿಂಡೋಸ್ ಏನೇನೋ ಕೇಳಬಹುದು. ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದರೆ ಕ್ಯಾನ್ಸಲ್. ‘ಇನಿಷಿಯಲೈಸ್ ಮಾಡಲೇ’ ಎಂದರೂ ಕ್ಯಾನ್ಸಲ್. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂಬುದು ಕೇಳಲು ಒಳ್ಳೆಯದು, ಆದರೆ ಅದೂ ಡಿಸ್ಕ್ ಮೇಲೆ ಬರೆಯುತ್ತದೆ. ಬೇಡ ಅನ್ನಿ.

ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದವರು ಡಿಸ್ಕ್ ಅನ್ನು ಸಿ, ಡಿ, ಇ ಎಂದು ಭಾಗ ಮಾಡಿಯೇ ಕೊಡುತ್ತಿದ್ದರು, ನೆನಪಿದೆ ಅಲ್ವಾ? ಈಗ ಅವೇ ಎಫ್, ಜಿ, ಎಚ್ ಎಂದು ಬೇರೆ ಅಕ್ಷರದಲ್ಲಿ ಬರುತ್ತವೆ. ಎಲ್ಲವನ್ನೂ ತೆರೆದು ನೋಡಿ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕ್ ಆದರೆ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಫೋಲ್ಡರ್‌ನೊಳಗೆ, ವಿಸ್ತಾದಿಂದ ಈಚಿನದಾದರೆ ‘ಯೂಸರ್ಸ್’ ಒಳಗೆ, ಬಳಸುತ್ತಿದ್ದವರ ಹೆಸರಲ್ಲಿ ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆಲ್ಲ ಅಲ್ಲೇ ಇರುವುದು. ಬಹಳ ಜನ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಟ್ಟಿರುತ್ತಾರೆ.

ಆ ಫೋಲ್ಡರ್ ಒತ್ತಿದರೆ ‘ನಿಮಗೆ ಅನುಮತಿ ಇಲ್ಲ’ ಎಂದು ಬರಬಹುದು. ‘ಕಂಟಿನ್ಯೂ’ ಒತ್ತಿ ಕಾಯಿರಿ. ಇದರಿಂದ ಅನುಮತಿಯ ವಿವರ ಡಿಸ್ಕ್ ಮೇಲೆ ಬದಲಾಗುತ್ತದೆ. ಡಿಸ್ಕ್ ಗಟ್ಟಿಯಾಗಿದ್ದರೆ ಪರವಾಗಿಲ್ಲ, ಅನುಮಾನ ಇದ್ದರೆ ಮುಂದೆ ಹೇಳಿದ ದಾರಿ ಹಿಡಿಯಿರಿ. ಈಚಿನ ಲ್ಯಾಪ್‌ಟಾಪ್‌ನ ಡಿಸ್ಕ್ ವಿಂಡೋಸ್‌ನದೇ ಆದ ಬಿಟ್‌ಲಾಕರ್ ಬೀಗ ತೋರಿಸಿದರೆ 48 ಅಂಕಿಗಳ ಕೀ ಬೇಕು. ಆ ಲ್ಯಾಪ್‌ಟಾಪ್‌ಗೆ ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಅಲ್ಲಿ ಹುಡುಕಿ.

ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ಎರಡು ಆಯ್ಕೆ ಆನ್ ಮಾಡಿ: ಅಡಗಿರುವ ಫೈಲ್ ತೋರಿಸುವುದು, ಫೈಲ್ ಹೆಸರಿನ ಬಾಲ ತೋರಿಸುವುದು. ಎಕ್ಸ್‌ಪಿ ಕಾಲದ ಪೆನ್‌ಡ್ರೈವ್ ವೈರಸ್‌ಗಳು ಫೋಲ್ಡರ್‌ನ ಚಿತ್ರ ಹಾಕಿಕೊಂಡು ‘ನ್ಯೂ ಫೋಲ್ಡರ್’ ಎಂದು ಕೂರುತ್ತಿದ್ದವು. ಬಾಲದಲ್ಲಿ ‘ಇಎಕ್ಸ್‌ಇ’ ಇದ್ದರೆ ಅದು ಫೋಲ್ಡರ್ ಅಲ್ಲ, ಮುಟ್ಟಬೇಡಿ. ಹಳೇ ಡಿಸ್ಕ್‌ನ ಯಾವ ಪ್ರೋಗ್ರಾಂ ಅನ್ನೂ ತೆರೆಯಬೇಡಿ. ನಮಗೆ ಬೇಕಿರುವುದು ಫೋಟೊ, ಪತ್ರ, ಲೆಕ್ಕ. ಅಂಗಡಿಯ ಕಂಪ್ಯೂಟರ್ ಆದರೆ ಲೆಕ್ಕದ ತಂತ್ರಾಂಶ ಟ್ಯಾಲಿಯ ಫೋಲ್ಡರ್‌ನೊಳಗಿನ ‘ಡೇಟಾ’ವನ್ನು ಇಡಿಯಾಗಿ ತೆಗೆದುಕೊಳ್ಳಿ.

ಕಾಪಿ ಮಾಡುವಾಗ ಒಮ್ಮೆಗೇ ಎಲ್ಲ ಎಳೆಯಬೇಡಿ. ಕಳೆದುಹೋದರೆ ಯಾವುದಕ್ಕೆ ಜಾಸ್ತಿ ಸಂಕಟವೋ ಅದು ಮೊದಲು. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಹೋದರೆ 40 ಜಿಬಿಗೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸಾವಿರಾರು ಚಿಕ್ಕ ಫೈಲ್ ಇದ್ದರೆ ಹೆಚ್ಚು ಹೊತ್ತು ಹಿಡಿಯುತ್ತದೆ. ವಿಂಡೋಸ್‌ನಲ್ಲೇ ಇರುವ, ಕಾಪಿ ಮಾಡುವ ರೋಬೊಕಾಪಿ ಗೊತ್ತಿರುವವರು ಅದನ್ನು ಬಳಸಬಹುದು. ಆದರೆ ಓದಲಾಗದ ಫೈಲ್ ಸಿಕ್ಕರೆ ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುವ ಹಾಗೆ ಹೊಂದಿಸಿದ್ದಾರೆ. ಎಷ್ಟು ಸಲ ಎಂಬ ‘ಆರ್’, ಎಷ್ಟು ಸೆಕೆಂಡು ಕಾಯಬೇಕು ಎಂಬ ‘ಡಬ್ಲ್ಯು’ ಆಯ್ಕೆಗಳಿಗೆ 1 ಎಂದು ಕೊಡಿ.

ಡಿಸ್ಕ್ ಅಲ್ಲಲ್ಲಿ ನಿಂತರೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕ್‌ನ ಆರೋಗ್ಯ ಹೇಳುತ್ತದೆ. ‘ಕಾಷನ್’ ಎಂದು ಹಳದಿ ತೋರಿಸಿದರೆ, ಇಲ್ಲವೇ ಕಾಪಿ ಪದೇಪದೇ ನಿಂತರೆ ಒಂದೊಂದೇ ಫೈಲ್ ತೆಗೆಯುವುದನ್ನು ಬಿಡಿ. ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆದುಕೊಳ್ಳಬೇಕು. ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿ. ಅದು ಮೊದಲು ಸಲೀಸಾಗಿ ಓದಬಹುದಾದ ಜಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ಮಧ್ಯೆ ನಿಲ್ಲಿಸಿ ಡಿಸ್ಕ್ ತಣ್ಣಗಾಗಲು ಬಿಟ್ಟು ಮುಂದುವರಿಸಬಹುದು. ಪಡಿಯಚ್ಚು ಇಡುವ ಕಡೆ ಹಳೇ ಡಿಸ್ಕ್‌ನ ಪೂರ್ತಿ ಗಾತ್ರಕ್ಕಿಂತ ಜಾಸ್ತಿ ಜಾಗ ಇರಲಿ. ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಎಂದು ಗಾತ್ರ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ. ಅದಲು ಬದಲಾದರೆ ಉಳಿದಿದ್ದೂ ಹೋಗುತ್ತದೆ.

ಡಿಲೀಟ್ ಆದ ಫೈಲ್‌ಗಳನ್ನು ಆ ಪಡಿಯಚ್ಚಿನಿಂದ ಫೋಟೊರೆಕ್ ಎಂಬ ತಂತ್ರಾಂಶ ಹುಡುಕಿಕೊಡುತ್ತದೆ. ಹೆಸರು, ಫೋಲ್ಡರ್ ಸಿಗುವುದಿಲ್ಲ, ಒಳಗಿನದು ಸಿಗುತ್ತದೆ. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆಗಿದ್ದು ಸಾಮಾನ್ಯವಾಗಿ ಸಿಗುವುದಿಲ್ಲ.

ಫೈಲ್ ಸಿಕ್ಕಿತು, ಕನ್ನಡ ಎಲ್ಲಿ?

ದೊಡ್ಡಪ್ಪನ ಡಿಸ್ಕ್ ಟಕ್ ಅನ್ನಲಿಲ್ಲ. ಎಫ್ ಡ್ರೈವ್‌ನಲ್ಲಿ ‘ಅಮ್ಮ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಫೋಲ್ಡರ್, ಅದರೊಳಗೆ 63 ಫೈಲ್. ಮೊದಲನೆಯದು ತೆರೆದರೆ ಪುಟ ತುಂಬ ಅರ್ಥವಿಲ್ಲದ ಗುರುತುಗಳು. ದೊಡ್ಡಪ್ಪನ ಮುಖ ಸಪ್ಪಗಾಯಿತು. “ಹಾಳಾಗ್ಹೋಗಿದೆ ಅಲ್ವೇನೋ?”

ಹಾಳಾಗಿರಲಿಲ್ಲ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಒಳಗಿನ ಇಂಗ್ಲಿಷೇ ಕಾಣುತ್ತದೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ್ದು ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ... ಹೀಗೆ ಕಾಣುತ್ತದೆ. ಪೌಂಡ್ ಚಿಹ್ನೆ, ಗೀಟಿನ ಎ ಪುಟದ ತುಂಬ ಕಂಡರೆ ಅದು ನುಡಿ ಇಲ್ಲವೇ ಬರಹ ಎಂದು ಹೆಚ್ಚುಕಡಿಮೆ ಹೇಳಬಹುದು.

ಬೇಕಾದ ಫಾಂಟ್ ಎಲ್ಲೂ ಹುಡುಕಬೇಕಿಲ್ಲ. ಹಳೇ ಡಿಸ್ಕ್‌ನ ವಿಂಡೋಸ್ ಫೋಲ್ಡರ್‌ನೊಳಗೆ ‘ಫಾಂಟ್ಸ್’ ಇದೆ, ಅಲ್ಲಿಂದ ನುಡಿ, ಬಿಆರ್‌ಎಚ್ (ಬರಹದ್ದು), ಶ್ರೀ ಎಂದು ಶುರುವಾಗುವ ಫೈಲ್‌ಗಳನ್ನು ಕಾಪಿ ಮಾಡಿ, ಹೊಸ ಕಂಪ್ಯೂಟರ್‌ನಲ್ಲಿ ಮೌಸ್‌ನ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಮಾಡಿ. ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ನಾವು ಹಾಗೆ ತೆರೆದಾಗ ಮೊದಲ ಸಾಲಿನಲ್ಲೇ ರಾಗಿ ಬೀಸುವ ಪದ ಕಾಣಿಸಿತು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದೆ ಮೊಬೈಲ್‌ನಲ್ಲೂ ಓದಬೇಕು, ಹುಡುಕಬೇಕು ಎಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗೂ ಒಂದೇ ಆದ ಯೂನಿಕೋಡ್ ಅಕ್ಷರಗಳಿಗೆ ಬದಲಿಸಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ. ವೆಬ್‌ಸೈಟ್‌ಗಳಲ್ಲೂ ಸಿಗುತ್ತದೆ, ಆದರೆ ಜಮೀನು ಪತ್ರ, ಉಯಿಲು ಅಂಥವನ್ನು ಅಲ್ಲಿ ಹಾಕಬೇಡಿ. ಮೂಲ ಫೈಲ್ ಹಾಗೇ ಇರಲಿ, ಅದರ ಪ್ರತಿಯನ್ನು ಬದಲಿಸಿ. ಮಧ್ಯೆ ಇಂಗ್ಲಿಷ್ ಪದ ಬಂದಿದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದುಕೊಂಡು ಕಲಸಿಬಿಡುತ್ತದೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ನೋಡಿ. ಹಳ್ಳಿಯ ಮಾತಿನ ಪದಗಳಿಗೆ ಯಾವ ಸ್ಪೆಲ್‌ಚೆಕ್ಕೂ ನೆರವಾಗುವುದಿಲ್ಲ, ಗೊತ್ತಿದ್ದವರೇ ಓದಬೇಕು.

ಎರಡು ಪ್ರತಿ ಬೇರೆ ಬೇರೆ ಕಡೆ ಸೇರಿ, ಒಂದೊಂದು ಫೈಲೂ ತೆರೆದು ನೋಡುವವರೆಗೆ ಹಳೇ ಡಿಸ್ಕ್ ಅಳಿಸಬೇಡಿ, ಯಾರಿಗೂ ಕೊಡಬೇಡಿ. ದೊಡ್ಡಪ್ಪನ ಡಿಸ್ಕ್ ಈಗ ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಬೀರುವಿನಲ್ಲಿದೆ. ಅವರು ಪ್ರಿಂಟ್ ತೆಗೆಸಿದ ಹಾಳೆಗಳ ಮೇಲೆ ಪೆನ್ಸಿಲ್ ಹಿಡಿದು ಅರ್ಕಾವತ್ತು ತಿದ್ದುತ್ತಿದ್ದಾರೆ, ಮಧ್ಯೆ ಮಧ್ಯೆ ಹಾಡಿ ನೋಡುತ್ತಾರೆ. ಹನ್ನೆರಡು ಪದ ಇನ್ನೂ ಬಾಕಿ ಇವೆ.